ಎರ್ಮೋಸೊ ಎಲ್ಲಿಂದ ಬಂತು? ಒಂದು ಸ್ಪ್ಯಾನಿಷ್ ಪದದ ಲ್ಯಾಟಿನ್ ಬೇರು ಹುಡುಕುವ ದಾರಿ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಬೇಗ ಎದುರಾಗುವ ಪದಗಳಲ್ಲಿ 'ಹೆರ್ಮೋಸೊ' ಒಂದು. ಸುಂದರ ಅಂತ ಅರ್ಥ. ಬರೆಯುವಾಗ ಮೊದಲಿಗೆ ಹಕಾರ ಇದೆ, ಓದುವಾಗ ಇಲ್ಲ. ಬಾಯಲ್ಲಿ ಬರುವುದು 'ಎರ್ಮೋಸೊ', ಹೆಣ್ಣಿಗಾದರೆ 'ಎರ್ಮೋಸ'. ಉಚ್ಚರಿಸದ ಅಕ್ಷರವನ್ನು ಸುಮ್ನೆ ಯಾಕೆ ಹೊತ್ತುಕೊಂಡು ತಿರುಗುತ್ತಾರೆ ಅಂತ ಕೇಳಿದರೆ, ಆ ಪ್ರಶ್ನೆಯೇ ನಮ್ಮನ್ನು ಎರಡು ಸಾವಿರ ವರ್ಷ ಹಿಂದಿನ ಲ್ಯಾಟಿನ್‌ವರೆಗೂ ಕರೆದುಕೊಂಡು ಹೋಗುತ್ತದೆ.

ಪದದ ಮೂಲ ಹುಡುಕಲು ಪಂಡಿತರಾಗಬೇಕಿಲ್ಲ. ಕನ್ನಡ ಬಲ್ಲವರಿಗಂತೂ ಅರ್ಧ ಕೆಲಸ ಆಗಲೇ ಮುಗಿದಿದೆ. ಶಾಲೆಯಲ್ಲಿ ತತ್ಸಮ–ತದ್ಭವ ಓದಿದ್ದೇವೆ, 'ಪಾಲು' ಹೋಗಿ 'ಹಾಲು' ಆಗಿದ್ದೂ ಗೊತ್ತು. ಇವೆರಡೇ ಇಲ್ಲಿ ಮುಖ್ಯ ಸಲಕರಣೆ. ಎರ್ಮೋಸೊ ಪದವನ್ನೇ ಹಿಡಿದು ಹೆಜ್ಜೆಹೆಜ್ಜೆಯಾಗಿ ಹೋಗೋಣ. ದಾರಿ ಒಮ್ಮೆ ಗೊತ್ತಾದರೆ ಬೇರೆ ಯಾವ ಪದಕ್ಕಾದರೂ ಬಳಸಬಹುದು.

ಮೊದಲು: ಏನೇನು ಬೇಕು

ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನು. ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ. ಸ್ಪ್ಯಾನಿಷ್‌ಗೆ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲ ಸಂಸ್ಥೆಯ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೋರ್ಚುಗೀಸ್‌ಗೆ ಪ್ರಿಬೆರಾಂ, ರೊಮೇನಿಯನ್‌ಗೆ ಡೆಕ್ಸ್‌ಆನ್‌ಲೈನ್, ಫ್ರೆಂಚ್‌ಗೆ ತ್ರೆಸೋರ್ ನಿಘಂಟು ಇವೆ. ಲ್ಯಾಟಿನ್‌ಗೆ ಲೂಯಿಸ್ ಮತ್ತು ಶಾರ್ಟ್ ಅವರ ಹಳೆಯ ದೊಡ್ಡ ನಿಘಂಟು ಪರ್ಸಿಯಸ್ ತಾಣದಲ್ಲಿ ಪೂರ್ತಿ ಇದೆ.

ಒಂದು ಮಾತು ನೆನಪಿರಲಿ. ನಿಘಂಟು ಮೊದಲೇ ತೆಗೆದು ಉತ್ತರ ನೋಡಿಬಿಡಬೇಡಿ. ಮೊದಲು ನೀವೇ ಊಹಿಸಿ, ಆಮೇಲೆ ತಾಳೆ ನೋಡಿ. ಹಾಗೆ ಮಾಡಿದರೆ ಮಾತ್ರ ಕಣ್ಣು ಪಳಗುತ್ತದೆ.

ಹೆಜ್ಜೆ 1: ಅಕ್ಕತಂಗಿಯರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ

ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಲ್ಲಿ ಅದೇ ಅರ್ಥಕ್ಕೆ ಏನು ಹೇಳುತ್ತಾರೆ ಅಂತ ಬರೆದುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಹೆರ್ಮೋಸೊ. ಸ್ಪೇನ್‌ನ ವಾಯವ್ಯ ಮೂಲೆಯ ಗಲೀಷಿಯನ್ ಭಾಷೆಯಲ್ಲಿ ಫೆರ್ಮೋಸೊ. ಪೋರ್ಚುಗೀಸ್‌ನಲ್ಲಿ ಫೋರ್ಮೋಸೊ. ರೊಮೇನಿಯನ್‌ನಲ್ಲಿ ಫ್ರುಮೋಸ್. ಇಟಾಲಿಯನ್‌ನಲ್ಲಿ ಬೆಲ್ಲೊ, ಫ್ರೆಂಚ್‌ನಲ್ಲಿ ಬೋ.

ಕೊನೆಯ ಎರಡು ಬೇರೆ ಮನೆಯವು ಅಂತ ನೋಡಿದರೇ ಗೊತ್ತಾಗುತ್ತದೆ. ಅವನ್ನು ಪಕ್ಕಕ್ಕಿಡಿ, ಆಮೇಲೆ ಬೇಕಾಗುತ್ತವೆ. ಮೊದಲ ನಾಲ್ಕನ್ನು ಒಟ್ಟಿಗೆ ನೋಡಿ. ಫ, ರ, ಮ, ಸ ಈ ನಾಲ್ಕು ವ್ಯಂಜನ ಎಲ್ಲದರಲ್ಲೂ ಇವೆ. ಸ್ಪ್ಯಾನಿಷ್‌ನಲ್ಲಿ ಮಾತ್ರ ಫಕಾರದ ಜಾಗದಲ್ಲಿ ಹಕಾರ. ಉಳಿದ ಮೂರೂ ಒಂದೇ ಮಾತು ಹೇಳುತ್ತಿರುವಾಗ ಬದಲಾಗಿದ್ದು ಸ್ಪ್ಯಾನಿಷ್ ಇರಬೇಕು ಅಂತ ಊಹಿಸಬಹುದು, ಅಲ್ವಾ? (ಇಲ್ಲಿ ಫ ಅಂದರೆ ಫೋನ್ ಅನ್ನುವಾಗ ಬರುವ ಫ, ಫಲದ ಫ ಅಲ್ಲ.)

ಹೆಜ್ಜೆ 2: ಅದೇ ಭಾಷೆಯ ಹಳೆಯ ರೂಪ ಹುಡುಕಿ

ಊಹೆ ಸರಿಯೋ ತಪ್ಪೋ ಅಂತ ಹಳೆಯ ಬರಹ ಹೇಳುತ್ತದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಪದ 'ಫೆರ್ಮೋಸೊ' ಎಂದೇ ಇತ್ತು. 1605ರಲ್ಲಿ ಸೆರ್ವಾಂಟಿಸ್‌ನ ದೋನ್ ಕಿಹೋತೆ ಅಚ್ಚಾಗುವ ಹೊತ್ತಿಗೆ ಫಕಾರ ಹಳತಾಗಿತ್ತು. ಆ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ನಾಯಕ ಓದಿ ಓದಿ ತಲೆ ಕೆಡಿಸಿಕೊಂಡ ವೀರಗಾಥೆಗಳ ಶೈಲಿಯನ್ನು ತೋರಿಸಲು ಸೆರ್ವಾಂಟಿಸ್ ಒಂದು ಸಾಲು ಎತ್ತಿ ಕೊಡುತ್ತಾನೆ. ಅದರಲ್ಲಿ ಸೌಂದರ್ಯಕ್ಕೆ 'ಫೆರ್ಮೋಸೂರ' ಎಂಬ ಫಕಾರದ ರೂಪವೇ ಬರುತ್ತದೆ. ಇಂದಿನ ಕನ್ನಡ ಕಥೆಯಲ್ಲಿ ಪಾತ್ರವೊಂದು ಇದ್ದಕ್ಕಿದ್ದಂತೆ 'ಪಾಲ್', 'ಪೂ' ಎಂದು ಮಾತಾಡಿದರೆ ನಮಗೆ ಹೇಗೆ ಕೇಳಿಸುತ್ತದೋ, ಅಂದಿನ ಓದುಗರಿಗೂ ಅದು ಹಾಗೆಯೇ ಕೇಳಿಸಿರಬೇಕು.

ಈ ಹೆಜ್ಜೆ ಬಿಟ್ಟರೆ ಎಡವಟ್ಟಾಗುತ್ತದೆ. ಪೋರ್ಚುಗೀಸ್ ರೂಪವನ್ನೇ ನೋಡಿ. ಫೋರ್ಮೋಸೊ ಅಂದರೆ ಲ್ಯಾಟಿನ್‌ಗೆ ಎಷ್ಟು ಹತ್ತಿರ, ಬದಲಾಗದೆ ಉಳಿದಿದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಹಳೆಯ ಪೋರ್ಚುಗೀಸ್‌ನಲ್ಲಿ ಇದ್ದದ್ದು ಫೆರ್ಮೋಸೊ, ಫ್ರೆಮೋಸೊ. ಗೋವಾದಲ್ಲೂ ವಾಸವಿದ್ದ ಕವಿ ಕಾಮೋಯಿಂಶ್ 1572ರ ತನ್ನ ಮಹಾಕಾವ್ಯ ಲೂಸಿಯಾದ್‌ನಲ್ಲಿ ಎಕಾರದ ರೂಪವನ್ನೇ ಬಳಸಿದ್ದಾನೆ. ಆಮೇಲೆ ಓದಿದವರು ಲ್ಯಾಟಿನ್ ನೋಡಿ ಓಕಾರವನ್ನು ವಾಪಸ್ ತಂದು ಕೂರಿಸಿದರು. ಅಂದರೆ ಇದು ತದ್ಭವವನ್ನು ತಿದ್ದಿ ತತ್ಸಮದಂತೆ ಕಾಣುವ ಹಾಗೆ ಮಾಡಿದ್ದು.

ಹೆಜ್ಜೆ 3: ಒಂದೊಂದೇ ಸದ್ದಿಗೆ ಲೆಕ್ಕ ಕೊಡಿ

ಇದು ನನಗೆ ಅತ್ಯಂತ ಇಷ್ಟದ ಭಾಗ. ಇಲ್ಲಿ ಅವಸರ ಬೇಡ. ನಮ್ಮ ಊಹೆಯ ಲ್ಯಾಟಿನ್ ರೂಪ 'ಫೋರ್ಮೋಸುಸ್'. ಅದರಿಂದ ಹೆರ್ಮೋಸೊ ಆಗಬೇಕಾದರೆ ಯಾವ ಸದ್ದು ಏನಾಯಿತು ಅಂತ ಒಂದೊಂದಾಗಿ ಬರೆಯಿರಿ.

ಕೊನೆಯಿಂದ ಶುರು ಮಾಡೋಣ. ಈ ಭಾಷೆಗಳ ನಾಮಪದಗಳೂ ಗುಣವಾಚಕಗಳೂ ಸಾಮಾನ್ಯವಾಗಿ ಲ್ಯಾಟಿನ್‌ನ ದ್ವಿತೀಯಾ ವಿಭಕ್ತಿಯ ರೂಪದಿಂದ ಬಂದಿವೆ. ಫೋರ್ಮೋಸುಸ್ ಪ್ರಥಮಾ, 'ಫೋರ್ಮೋಸುಂ' ದ್ವಿತೀಯಾ. ಕೊನೆಯ ಮಕಾರವನ್ನು ಜನ ಬಹಳ ಹಿಂದೆಯೇ ಬಿಟ್ಟಿದ್ದರು. ಉಳಿದ ಉಕಾರ ಸ್ಪ್ಯಾನಿಷ್‌ನಲ್ಲಿ ಒಕಾರವಾಯಿತು. ಹೀಗೆ '-ಮೋಸೊ' ಸಿಕ್ಕಿತು.

ಇನ್ನು ನಡುವಿನ ಓಕಾರ. ಒತ್ತು ಬೀಳುವುದು ಇದರ ಮೇಲೆಯೇ, ಲ್ಯಾಟಿನ್‌ನಲ್ಲಿ ಇದು ದೀರ್ಘ. ಒತ್ತು ಬಿದ್ದ ದೀರ್ಘ ಓ ಸ್ಪ್ಯಾನಿಷ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಹ್ರಸ್ವ ಒ ಆಗಿದ್ದರೆ 'ವೆ' ಆಗಿ ಒಡೆಯುತ್ತಿತ್ತು. 'ಒಳ್ಳೆಯ' ಅನ್ನುವ ಲ್ಯಾಟಿನ್ 'ಬೊನುಸ್' ಸ್ಪ್ಯಾನಿಷ್‌ನಲ್ಲಿ 'ಬ್ವೆನೊ' ಆದದ್ದು ಹೀಗೆ. ಹ್ರಸ್ವ–ದೀರ್ಘದ ವ್ಯತ್ಯಾಸ ಇಷ್ಟು ದೊಡ್ಡ ಕೆಲಸ ಮಾಡುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆರೆ ಬೇರೆ, ಕೇರೆ ಬೇರೆ. ಲ್ಯಾಟಿನ್ ನಿಘಂಟಿನಲ್ಲಿ ಸ್ವರದ ಮೇಲೆ ಅಡ್ಡಗೆರೆ ಇದ್ದರೆ ಅದು ದೀರ್ಘ. ಆ ಗೆರೆಯನ್ನು ತಪ್ಪದೆ ಬರೆದುಕೊಳ್ಳಿ.

ಮೊದಲ ಓಕಾರ ಎಕಾರ ಆಗಿದ್ದು ಯಾಕೆ? ಒಂದೇ ಪದದಲ್ಲಿ ಓ–ಓ ಅಂತ ಎರಡು ಒಂದೇ ಥರದ ಸ್ವರ ಬಂದಾಗ ಒತ್ತಿಲ್ಲದ ಕಡೆಯದು ಬೇರೆಯಾಗಿಬಿಡುವುದುಂಟು. ದುಂಡಗಿನ ಅನ್ನುವ ಲ್ಯಾಟಿನ್ 'ರೊತುಂದುಸ್' ಸ್ಪ್ಯಾನಿಷ್‌ನಲ್ಲಿ 'ರೆದೊಂದೊ' ಆಗಿರುವುದನ್ನು ನೋಡಿದರೆ ಇದು ಒಂಟಿ ಪದದ ಕತೆಯಲ್ಲ ಅಂತ ತಿಳಿಯುತ್ತದೆ.

ಉಳಿದದ್ದು ಫಕಾರ. ಸ್ಪ್ಯಾನಿಷ್‌ನಲ್ಲಿ ಪದದ ಮೊದಲ ಫಕಾರ ಹಕಾರವಾಯಿತು, ಆಮೇಲೆ ಆ ಹಕಾರವೂ ಬಾಯಿಂದ ಜಾರಿ ಬರಹದಲ್ಲಿ ಮಾತ್ರ ಉಳಿಯಿತು. ಈಗ ನಮ್ಮ ಕಡೆ ನೋಡಿ. ಹಳಗನ್ನಡದ ಪಾಲ್, ಪುಲಿ, ಪೆಸರ್ ಹಾಲು, ಹುಲಿ, ಹೆಸರು ಆದವು. ಹಳೆ ಮೈಸೂರು ಕಡೆಯ ಹಳ್ಳಿ ಮಾತಿನಲ್ಲಿ ಅದೇ ಹಕಾರ ಬಿದ್ದು 'ಆಲು', 'ಉಲಿ', 'ಎಸ್ರು' ಎಂದು ಕೇಳಿಸುತ್ತದೆ. ತುಟಿಯ ಸದ್ದು ಗಂಟಲಿಗೆ ಇಳಿಯಿತು, ಆಮೇಲೆ ಗಾಳಿಯಲ್ಲಿ ಕರಗಿತು. ಸ್ಪ್ಯಾನಿಷ್ ಹುಟ್ಟಿದ ಕ್ಯಾಸ್ಟೀಲ್ ನಾಡಿಗೂ ಮಂಡ್ಯಕ್ಕೂ ಯಾವ ಸಂಬಂಧವೂ ಇಲ್ಲ, ಎರಡೂ ಕಡೆ ತಮ್ಮ ಪಾಡಿಗೆ ತಾವು ನಡೆದ ಬದಲಾವಣೆ. ಆದರೂ ದಾರಿ ಒಂದೇ ಥರ. ಸ್ಪ್ಯಾನಿಷ್ ಪಾಠದಲ್ಲಿ ಈ ನಿಯಮ ಉರು ಹೊಡೆಯಲು ಒದ್ದಾಡುವ ಕನ್ನಡದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 4: ನಿಯಮವನ್ನು ಬೇರೆ ಪದಗಳ ಮೇಲೆ ಹಾಕಿ ನೋಡಿ

ಒಂದು ಪದಕ್ಕೆ ಒಪ್ಪಿದ್ದು ನಿಯಮವಲ್ಲ. ಫಕಾರ ಹೋಗಿ ಹಕಾರ ಬಂದ ಬೇರೆ ಸ್ಪ್ಯಾನಿಷ್ ಪದ ಹುಡುಕಿ. ಹಿಟ್ಟಿಗೆ ಲ್ಯಾಟಿನ್‌ನಲ್ಲಿ ಫರೀನ, ಸ್ಪ್ಯಾನಿಷ್‌ನಲ್ಲಿ ಹರೀನ. ಇರುವೆಗೆ ಫೋರ್ಮೀಕ, ಹೋರ್ಮೀಗ. ಹೊಗೆಗೆ ಫೂಮುಸ್, ಹೂಮೊ. ಒಲೆಗೆ ಫುರ್ನುಸ್, ಹೋರ್ನೊ. ಮಾಡು ಅನ್ನುವುದಕ್ಕೆ ಫಾಕೆರೆ, ಹಾಸೆರ್. (ಇವೆಲ್ಲದರಲ್ಲೂ ಹಕಾರ ಬರಹಕ್ಕೆ ಮಾತ್ರ.) ಪಟ್ಟಿ ಉದ್ದ ಇದೆ, ಅನುಮಾನಕ್ಕೆ ಜಾಗವಿಲ್ಲ.

ಆದರೆ ನಿಯಮ ಮುರಿಯುವ ಪದಗಳನ್ನೂ ಬರೆದುಕೊಳ್ಳಿ. ಬೆಂಕಿ ಫ್ವೇಗೊ ಆಗಿಯೇ ಉಳಿಯಿತು, ತಣ್ಣನೆಯದು ಫ್ರೀಯೊ. 'ವೆ' ಅಥವಾ ರಕಾರದ ಹಿಂದೆ ಬಂದ ಫಕಾರ ಅಲುಗಲಿಲ್ಲ. ಕುರೂಪ ಅನ್ನುವ ಅರ್ಥದ 'ಫೇಯೊ' ಲ್ಯಾಟಿನ್‌ನ 'ಫೋಯ್ದುಸ್' ಪದದಿಂದ ಬಂದದ್ದು. ಅದಕ್ಕೆ ಇಂಥ ಅಡ್ಡಿ ಏನೂ ಇಲ್ಲ, ಆದರೂ ಫಕಾರ ಉಳಿಸಿಕೊಂಡಿದೆ. ಫಕಾರ ಮೊದಲಿಗೆ ಯಾಕೆ ಬದಲಾಯಿತು ಅನ್ನುವುದರ ಬಗ್ಗೆಯೂ ವಿದ್ವಾಂಸರಲ್ಲಿ ಜಗಳ ಇದೆ. ಪಕ್ಕದ ಬಾಸ್ಕ್ ಭಾಷೆಯ ಪ್ರಭಾವ ಅಂತ ಸ್ಪೇನ್‌ನ ಭಾಷಾ ವಿದ್ವಾಂಸ ಮೆನೆಂದೆಸ್ ಪಿದಾಲ್ ವಾದಿಸಿದರು, ಎಲ್ಲರೂ ಒಪ್ಪಿಲ್ಲ.

ಹೆಜ್ಜೆ 5: ಮೋಸ ಮಾಡುವ ನೆಂಟರ ಬಗ್ಗೆ ಎಚ್ಚರ

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಹಕಾರ ಕಂಡ ಕಡೆಯೆಲ್ಲ ಫಕಾರ ಇತ್ತು ಅಂದುಕೊಳ್ಳಬೇಡಿ.

ಎರ್ಮೋಸೊ ಪಕ್ಕದಲ್ಲೇ ನಿಘಂಟಿನಲ್ಲಿ 'ಹೆರ್ಮಾನೊ' ಇದೆ, ಸಹೋದರ ಅಂತ ಅರ್ಥ. ನೋಡಲು ಒಡಹುಟ್ಟಿದವರ ಹಾಗಿವೆ. ಆದರೆ ಅದು ಬಂದದ್ದು ಒಡಹುಟ್ಟಿದ ಎಂಬ ಅರ್ಥದ ಲ್ಯಾಟಿನ್ 'ಗೆರ್ಮಾನುಸ್' ಪದದಿಂದ. ಅಲ್ಲಿ ಇದ್ದದ್ದು ಗಕಾರ. ಮನುಷ್ಯ ಎಂಬ ಅರ್ಥದ 'ಹೋಂಬ್ರೆ' ಪದದ ಹಕಾರ ಲ್ಯಾಟಿನ್‌ನ ಹೋಮೊದಿಂದಲೇ ಬಂದದ್ದು. ಮೊಟ್ಟೆಗೆ ಹೇಳುವ 'ಹ್ವೇವೊ' ಇನ್ನೂ ವಿಚಿತ್ರ. ಲ್ಯಾಟಿನ್‌ನಲ್ಲಿ 'ಓವುಂ' (ಜನರ ಬಾಯಲ್ಲಿ ಹ್ರಸ್ವ ಒ), ಹಕಾರವೇ ಇಲ್ಲ. ಹಿಂದೆ ಉ ಮತ್ತು ವ ಎರಡಕ್ಕೂ ಒಂದೇ ಅಕ್ಷರ ಬರೆಯುತ್ತಿದ್ದರು. ಇಲ್ಲಿ ಓದಬೇಕಾದ್ದು ಸ್ವರ ಅಂತ ತೋರಿಸಲು ಮುಂದೆ ಒಂದು ಹಕಾರ ಇಟ್ಟರು, ಅಷ್ಟೆ. ನಾಲ್ಕು ಪದ, ಬರಹದಲ್ಲಿ ಒಂದೇ ಅಕ್ಷರ, ನಾಲ್ಕು ಬೇರೆ ಬೇರೆ ಕತೆ. ಅಕ್ಕತಂಗಿಯರ ಸಾಲು ಮತ್ತು ಹಳೆಯ ರೂಪ ಎರಡನ್ನೂ ನೋಡದೆ ತೀರ್ಪು ಕೊಡಬಾರದು ಅನ್ನುವುದು ಇದಕ್ಕೇ.

ಇನ್ನೊಂದು ಬಲೆ ಇಟಾಲಿಯನ್‌ನ ಬೆಲ್ಲೊ. ಇದರ ಮೂಲ ಲ್ಯಾಟಿನ್ 'ಬೆಲ್ಲುಸ್'. ಯುದ್ಧಕ್ಕೆ ಲ್ಯಾಟಿನ್‌ನಲ್ಲಿ 'ಬೆಲ್ಲುಂ' ಅನ್ನುತ್ತಾರೆ. ಅದನ್ನು ಕಂಡು ಸೌಂದರ್ಯಕ್ಕೂ ಯುದ್ಧಕ್ಕೂ ನಂಟು ಹಾಕಿ ಬರೆಯುವವರಿದ್ದಾರೆ. ನಂಟಿಲ್ಲ. ಯುದ್ಧದ ಪದದ ಹಳೆಯ ರೂಪ 'ದುವೆಲ್ಲುಂ'. ಬೆಲ್ಲುಸ್ ಮಾತ್ರ ಬೊನುಸ್ ಪದದ ಮುದ್ದಿನ ರೂಪ, 'ಚೆನ್ನಾಗಿರುವ ಪುಟ್ಟ' ಅನ್ನುವ ಹಾಗೆ. ಬೊನುಸ್ ಹಿಂದಿನ ರೂಪ 'ದುವೆನೋಸ್'. ಅದು 1880ರಲ್ಲಿ ರೋಮ್‌ನಲ್ಲಿ ಸಿಕ್ಕಿದ ಒಂದು ಮಣ್ಣಿನ ಪಾತ್ರೆಯ ಮೇಲೆ ಕಾಣಿಸುತ್ತದೆ. ಮೂರು ಪುಟ್ಟ ಕುಡಿಕೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಪಾತ್ರೆ ಅದು, ಸುತ್ತ ಬಲದಿಂದ ಎಡಕ್ಕೆ ಗೀರಿದ ಅಕ್ಷರ. ಲ್ಯಾಟಿನ್‌ನ ಅತಿ ಹಳೆಯ ಬರಹಗಳಲ್ಲಿ ಒಂದು, ಈಗ ಬರ್ಲಿನ್‌ನಲ್ಲಿದೆ.

ಹೆಜ್ಜೆ 6: ಲ್ಯಾಟಿನ್‌ನಲ್ಲಿ ನಿಜಕ್ಕೂ ಆ ಪದ ಇತ್ತೇ ನೋಡಿ

ಊಹಿಸಿದ ರೂಪ ಲ್ಯಾಟಿನ್ ಬರಹದಲ್ಲಿ ಸಿಗಬೇಕು. ಫೋರ್ಮೋಸುಸ್ ಸಲೀಸಾಗಿ ಸಿಗುತ್ತದೆ. ಕವಿ ವರ್ಜಿಲ್‌ನ ಕುರಿಗಾಹಿ ಪದ್ಯಗಳಲ್ಲಿ ಎರಡನೆಯದು ಶುರುವಾಗುವುದೇ ಈ ಪದದಿಂದ. ಅದೇ ಸಂಗ್ರಹದಲ್ಲಿ ಇನ್ನೊಂದು ಕಡೆ ಕುರಿಗಾಹಿಗೂ ಅವನ ಹಿಂಡಿಗೂ ಇದೇ ಪದ ಹಾಕುತ್ತಾನೆ. ಅಂದರೆ ಮೈಕಟ್ಟು ಚೆನ್ನಾಗಿರುವ ಯಾವುದಕ್ಕಾದರೂ ಹೇಳಬಹುದಾಗಿತ್ತು.

ಆದರೆ ಕವಿಯ ಲ್ಯಾಟಿನ್ ಒಂದು, ಬೀದಿಯ ಲ್ಯಾಟಿನ್ ಇನ್ನೊಂದು. ಈಗಿನ ಭಾಷೆಗಳು ಹುಟ್ಟಿದ್ದು ಬೀದಿಯದರಿಂದ. ಅದು ಕಿವಿಗೆ ಬೀಳಬೇಕಾದರೆ 'ಅಪೆಂಡಿಕ್ಸ್ ಪ್ರೋಬಿ' ಎಂಬ ಪಟ್ಟಿ ನೋಡಿ. 'ಹೀಗೆ ಹೇಳಿ, ಹಾಗಲ್ಲ' ಅಂತ ಯಾರೋ ಒಬ್ಬ ಮೇಷ್ಟ್ರು 227 ಪದ ತಿದ್ದಿದ್ದಾರೆ. ಹಸ್ತಪ್ರತಿ ಉತ್ತರ ಇಟಲಿಯ ಬೊಬ್ಬಿಯೊ ಮಠದಲ್ಲಿ ನಕಲಾದದ್ದು, ಈಗ ನೇಪಲ್ಸ್‌ನಲ್ಲಿದೆ. ಅದರಲ್ಲಿ ನಮ್ಮ ಪದವೂ ಇದೆ: 'ಫೋರ್ಮೋಸುಸ್, ಫೋರ್ಮುನ್ಸುಸ್ ಅಲ್ಲ.'

ಈ ನಡುವಿನ ನಕಾರ ಎಲ್ಲಿಂದ ಬಂತು? ಅದೇ ಪಟ್ಟಿಯಲ್ಲಿ ಮೇಜು ಎಂಬ ಅರ್ಥದ ಪದಕ್ಕೆ 'ಮೆನ್ಸ, ಮೇಸ ಅಲ್ಲ' ಅಂತಲೂ ಇದೆ. ಜನ ಸಕಾರದ ಹಿಂದಿನ ನಕಾರವನ್ನು ನುಂಗುತ್ತಿದ್ದರು. ಮೇಸ ಅಂದರೆ ತಪ್ಪು, ಮೆನ್ಸ ಅನ್ನಬೇಕು ಅಂತ ಬೈಸಿಕೊಂಡವರು ಬೇಡದ ಕಡೆಯೂ ನಕಾರ ಸೇರಿಸತೊಡಗಿದರು ಎಂಬುದು ಒಂದು ವಿವರಣೆ. ಹಕಾರ ಬಿಟ್ಟು ಮಾತಾಡುವವರು ತಿದ್ದಿಕೊಳ್ಳಲು ಹೋಗಿ ಅಕ್ಕಿಗೆ 'ಹಕ್ಕಿ' ಅನ್ನುವುದನ್ನು ಕೇಳಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ.

ಪಟ್ಟಿಯಲ್ಲಿ 'ಫೋರ್ಮೀಕ, ಫುರ್ಮೀಕ ಅಲ್ಲ' ಎಂಬ ತಿದ್ದುಪಡಿಯೂ ಇದೆ. ರೊಮೇನಿಯನ್‌ನಲ್ಲಿ ಇರುವೆಗೆ ಇವತ್ತಿಗೂ 'ಫುರ್ನೀಕ'. ಮೇಷ್ಟ್ರು ಬೇಡ ಅಂದದ್ದೇ ಉಳಿದುಕೊಂಡಿತು. ನಮ್ಮ ಪದದಲ್ಲೂ ಹಾಗೆಯೇ. ಒತ್ತಿಲ್ಲದ ಓಕಾರ ರೊಮೇನಿಯನ್‌ನಲ್ಲಿ ಉಕಾರವಾಯಿತು, ಉಕಾರ–ರಕಾರ ಜಾಗ ಬದಲಿಸಿಕೊಂಡವು, ಫ್ರುಮೋಸ್ ಹುಟ್ಟಿತು. ಹೆಣ್ಣಿಗೆ ಹೇಳುವಾಗ ಕೊನೆಯ ಸ್ವರದ ಸೆಳೆತಕ್ಕೆ ನಡುವಿನ ಓಕಾರವೂ ಒಡೆದು 'ಫ್ರುಮ್ವಾಸ' ಆಗುತ್ತದೆ.

ಹೆಜ್ಜೆ 7: ಪದವನ್ನು ಬಿಡಿಸಿ

ಫೋರ್ಮ ಅಂದರೆ ಆಕಾರ, ರೂಪ. '-ಓಸುಸ್' ಅಂದರೆ ಅದು ತುಂಬಿರುವ, ಅದನ್ನು ಉಳ್ಳ. ರೂಪ ಉಳ್ಳವನು ರೂಪವಂತ. ನಮ್ಮಲ್ಲೂ ರೂಪವಂತ ಅಂದರೆ ಬರೀ ಆಕಾರ ಇರುವವನಲ್ಲ, ಚೆಂದದ ಆಕಾರ ಇರುವವನು. ಅದೇ ಪ್ರತ್ಯಯ ಸ್ಪ್ಯಾನಿಷ್‌ನ ಫಮೋಸೊ, ಅಂದರೆ ಹೆಸರುವಾಸಿ, ಅನ್ನುವುದರಲ್ಲೂ ಇದೆ.

ಫೋರ್ಮ ಎಂಬ ಪದ ಸ್ಪ್ಯಾನಿಷ್‌ನಲ್ಲಿ ಎರಡು ಸಲ ಬಂದಿದೆ. ಬಾಯಿಂದ ಬಾಯಿಗೆ ಬಂದದ್ದು 'ಹೋರ್ಮ' ಆಯಿತು. ಚಪ್ಪಲಿ, ಬೂಟು ಹೊಲಿಯುವವರು ಪಾದದ ಅಳತೆಗೆ ಇಟ್ಟುಕೊಳ್ಳುವ ಮರದ ಅಚ್ಚು ಅದು. ಪುಸ್ತಕದಿಂದ ಎತ್ತಿಕೊಂಡದ್ದು 'ಫೋರ್ಮ' ಆಗಿಯೇ ಉಳಿಯಿತು. ನಮ್ಮ ಬಣ್ಣ–ವರ್ಣ, ಸಿರಿ–ಶ್ರೀ ಇದ್ದ ಹಾಗೆ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಬದಲಾವಣೆಗಳಿಗೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಅದನ್ನು ಓದಿದವರು ಈ ಭಾಷೆಗಳ ಚರಿತ್ರೆಯನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ.

ಹೆಜ್ಜೆ 8: ನಕಾಶೆ ಬಿಡಿಸಿ

ಲ್ಯಾಟಿನ್‌ನಲ್ಲಿ ಸುಂದರಕ್ಕೆ ಹೆಸರುವಾಸಿ ಪದ 'ಪುಲ್ಕೆರ್'. ಜನರ ಬಾಯಲ್ಲಿ ಅದಕ್ಕೆ ಮಕ್ಕಳೇ ಉಳಿಯಲಿಲ್ಲ. ಸ್ಪ್ಯಾನಿಷ್‌ನ 'ಪುಲ್ಕ್ರೊ' ಪುಸ್ತಕದಿಂದ ತಂದದ್ದು, ಅರ್ಥವೂ 'ಅಚ್ಚುಕಟ್ಟು' ಅಂತ. ಗೆದ್ದವು ಫೋರ್ಮೋಸುಸ್ ಮತ್ತು ಬೆಲ್ಲುಸ್.

ಈಗ ಹೆಜ್ಜೆ 1ರಲ್ಲಿ ಪಕ್ಕಕ್ಕಿಟ್ಟಿದ್ದನ್ನು ತೆಗೆಯಿರಿ. ಯುರೋಪಿನ ನಕಾಶೆ ಮೇಲೆ ಬಣ್ಣ ಹಾಕಿ. ಪಶ್ಚಿಮದ ತುದಿಯಲ್ಲಿ ಸ್ಪೇನ್, ಪೋರ್ಚುಗಲ್; ಪೂರ್ವದ ತುದಿಯಲ್ಲಿ ರೊಮೇನಿಯಾ. ಅಲ್ಲೆಲ್ಲ ಫೋರ್ಮೋಸುಸ್. ನಡುವೆ ಫ್ರಾನ್ಸ್, ಇಟಲಿ. ಅಲ್ಲಿ ಬೆಲ್ಲುಸ್. ನಡುವಿನ ನಾಡುಗಳಲ್ಲಿ ಹೊಸ ಬಳಕೆ ಹರಡುತ್ತದೆ, ಅದು ತಲುಪದ ಅಂಚುಗಳಲ್ಲಿ ಹಳೆಯದು ಉಳಿಯುತ್ತದೆ ಅಂತ ಇಟಲಿಯ ಭಾಷಾವಿಜ್ಞಾನಿ ಮತ್ತೇಯೊ ಬಾರ್ತೊಲಿ ಇಂಥ ನಕಾಶೆಗಳಿಂದ ವಾದಿಸಿದರು. ಕುದಿಯುವುದಕ್ಕೂ ಹೀಗೇ ಆಗಿದೆ. ಸ್ಪ್ಯಾನಿಷ್‌ನ ಎರ್ವಿರ್, ರೊಮೇನಿಯನ್‌ನ ಫ್ಯೇರ್ಬೆ ಎರಡಕ್ಕೂ ಮೂಲ ಒಂದು. ಫ್ರೆಂಚ್, ಇಟಾಲಿಯನ್‌ಗೆ ಬೇರೆ. ಎಲ್ಲ ಪದಕ್ಕೂ ಈ ಸೂತ್ರ ಕೂರುವುದಿಲ್ಲ, ಕೂತಾಗ ಮಾತ್ರ ಬಹಳ ಚೆನ್ನಾಗಿ ಕೂರುತ್ತದೆ.

ಊರಿನ ಹೆಸರುಗಳನ್ನೂ ಬಿಡಬೇಡಿ. ತೈವಾನ್‌ಗೆ ಪೋರ್ಚುಗೀಸರು 16ನೇ ಶತಮಾನದಲ್ಲಿ ಇಟ್ಟ ಹೆಸರು ಫೋರ್ಮೋಸ, ಸುಂದರ ದ್ವೀಪ. 1554ರ ಒಂದು ಪೋರ್ಚುಗೀಸ್ ನಕಾಶೆಯಲ್ಲಿ ಅದು 'ಫ್ರೆಮೋಸ' ಎಂದಿದೆ, ಹೆಜ್ಜೆ 2ರಲ್ಲಿ ಹೇಳಿದ ಹಳೆಯ ರೂಪವೇ. ಸ್ಪ್ಯಾನಿಷ್ ಮಾತಾಡುವ ಅರ್ಜೆಂಟೀನಾದಲ್ಲೂ 1879ರಲ್ಲಿ ಸ್ಥಾಪನೆಯಾದ ಫೋರ್ಮೋಸ ಎಂಬ ನಗರ ಇದೆ. ಪರಗ್ವಾಯ್ ನದಿಯ ಅಲ್ಲಿನ ತಿರುವಿಗಿದ್ದ 'ಫೆರ್ಮೋಸ' ಎಂಬ ಹಳೆಯ ಸ್ಪ್ಯಾನಿಷ್ ಹೆಸರಿನಿಂದ ಅದು ಬಂದದ್ದು.

ನೀವೇ ಮಾಡಿ ನೋಡಲು ಒಂದು ಪದ

ಉತ್ತರ ಕರ್ನಾಟಕ, ಕರಾವಳಿ ಕಡೆ ಬೀಗದ ಕೈಗೆ 'ಚಾವಿ' ಅನ್ನುತ್ತಾರಲ್ಲ, ಅದನ್ನು ತೆಗೆದುಕೊಳ್ಳಿ. ಇದು ಪೋರ್ಚುಗೀಸ್ ಪದ. ಪೋರ್ಚುಗಲ್‌ನಲ್ಲಿ ಈಗ ಮೊದಲ ಸದ್ದು ಶಕಾರ, 'ಶಾವಿ' ಅನ್ನುವ ಹಾಗೆ ಹೇಳುತ್ತಾರೆ. ನಮ್ಮಲ್ಲಿ ಚಕಾರ ಉಳಿದಿದೆ, ಯಾಕೆಂದರೆ ಅವರು ಇಲ್ಲಿಗೆ ಬಂದ ಕಾಲದಲ್ಲಿ ಅವರ ಉಚ್ಚಾರಣೆಯೂ ಅದೇ ಆಗಿತ್ತು. ಅಕ್ಕತಂಗಿಯರು: ಸ್ಪ್ಯಾನಿಷ್‌ನಲ್ಲಿ ಯಾವೆ, ಇಟಾಲಿಯನ್‌ನಲ್ಲಿ ಕ್ಯಾವೆ, ಫ್ರೆಂಚ್‌ನಲ್ಲಿ ಕ್ಲೇ, ರೊಮೇನಿಯನ್‌ನಲ್ಲಿ ಕೇಯೆ. ಮೊದಲ ಸದ್ದು ಚ, ಯ, ಕ್ಯ, ಕ್ಲ, ಕ ಅಂತ ಐದು ಥರ ಇದೆ. ಲ್ಯಾಟಿನ್‌ನಲ್ಲಿ ಯಾವುದು ಇತ್ತು ಅಂತ ಊಹಿಸಿ, ಕರೆಯುವುದು ಎಂಬ ಅರ್ಥದ ಪೋರ್ಚುಗೀಸ್ 'ಶಮಾರ್', ಸ್ಪ್ಯಾನಿಷ್ 'ಯಮಾರ್', ಇಟಾಲಿಯನ್ 'ಕ್ಯಮಾರೆ' ಪದಗಳ ಮೇಲೆ ಆ ಊಹೆ ನಿಲ್ಲುತ್ತದೋ ನೋಡಿ. ನಿಘಂಟು ತೆರೆಯುವುದು ಅದಾದ ಮೇಲೆ.